ಪ್ರಾಸ್ಟೇಟ್‌ಗೆ ಕರೆಂಟ್ ಚಿಕಿತ್ಸೆ: ನಕ್ಷೆ ದಾವಣಗೆರೆಯಲ್ಲಿ, ಸೂಜಿ ಬೆಂಗಳೂರಲ್ಲಿ

ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ಗೆ ಕರೆಂಟ್ ಚಿಕಿತ್ಸೆ ಪಡೆದ, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ವರ್ಷದ ರಿಪೀಟ್ ಬಯಾಪ್ಸಿ ರಿಪೋರ್ಟ್ ಹೋದ ತಿಂಗಳು ಕೈಗೆ ಬಂತು. ಕರೆಂಟ್ ಕೊಟ್ಟ ಜಾಗದಿಂದ ಸೂಜಿಯಲ್ಲಿ ತೆಗೆದ ಆರೂ ಮಾಂಸದ ಎಳೆಗಳಲ್ಲಿ ಬರೀ ಮಾಗಿದ ಗಾಯದ ನಾರು. ಉಳಿದ ಗ್ರಂಥಿಯಲ್ಲೂ ಏನಿಲ್ಲ. ರಕ್ತಪರೀಕ್ಷೆಯಲ್ಲಿ 8ರ ಮೇಲಿದ್ದ ಪಿಎಸ್‌ಎ 2ರ ಹತ್ತಿರ ಇಳಿದಿದೆ. ಮೂತ್ರ ಹಿಡಿತದಲ್ಲಿದೆ, ದಾಂಪತ್ಯವೂ ಮೊದಲಿನಂತೆಯೇ ಇದೆ ಅಂತ ಅವರೇ ಹೇಳಿದರು. "ದಾವಣಗೆರೆಯಲ್ಲಿ ಕೂತು ಫೋಕಲ್ ಮಾಡ್ತೀನಿ ಅಂತೀಯಲ್ಲಪ್ಪ, ಎಂಆರ್‌ಐ ನೋಡಿ ಅಂದಾಜಲ್ಲಿ ಚುಚ್ಚಿದ್ರೆ ಆಯ್ತಾ?" ಎಂದಿದ್ದ ನಮ್ಮ ಹಿರಿಯ ವೈದ್ಯರಿಗೆ (ಫೋಕಲ್ ಅಂದರೆ ಗಡ್ಡೆ ಇರುವ ಭಾಗಕ್ಕಷ್ಟೇ ಚಿಕಿತ್ಸೆ) ಮೊದಲು ಆ ರಿಪೋರ್ಟಿನ ಫೋಟೋ ಕಳಿಸಿದೆ, ಆಮೇಲೆ ಇದನ್ನು ಬರೆಯಲು ಕೂತೆ.

ನನ್ನ ಹತ್ತಿರ ಈ ಕರೆಂಟ್ ಚಿಕಿತ್ಸೆಯ, ಅಂದರೆ ಇರ್ರಿವರ್ಸಿಬಲ್ ಎಲೆಕ್ಟ್ರೋಪೊರೇಶನ್ ಯಂತ್ರ ಇಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಯಂತ್ರ ಇರುವುದು ಬೆಂಗಳೂರಿನ ಒಂದು ಓಟಿಯಲ್ಲಿ. ರೋಗಿಯ ಜೊತೆ ನಾನೇ ಹೋಗಿ ಸೂಜಿ ಇಡುತ್ತೇನೆ. ಆದರೆ ಈ ಚಿಕಿತ್ಸೆಯ ಮುಕ್ಕಾಲು ಪಾಲು ಕೆಲಸ ನಕ್ಷೆಯದ್ದು. ಕ್ಯಾನ್ಸರ್ ಎಲ್ಲಿದೆ, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಇಲ್ಲ, ಇದು ಗೊತ್ತಾಗದೆ ಕರೆಂಟ್ ಕೊಟ್ಟು ಫಲವಿಲ್ಲ. ಆ ನಕ್ಷೆಯನ್ನು, ಅಂದರೆ ಗ್ರಂಥಿಯ ಮೂಲೆಮೂಲೆಯಿಂದ ತೆಗೆಯುವ ಬಯಾಪ್ಸಿಯನ್ನು, ನಾನು ಇಲ್ಲೇ, ಲೋಕಲ್ ಅನಸ್ತೇಶಿಯಾದಲ್ಲಿ, ಒಪಿಡಿ ಪಕ್ಕದ ಕೋಣೆಯಲ್ಲಿ ಮಾಡುತ್ತೇನೆ.

ಮೊದಲು ಎಲ್ಲರಂತೆ ಗುದದ್ವಾರದ ಮೂಲಕವೇ ಬಯಾಪ್ಸಿ ಮಾಡುತ್ತಿದ್ದೆ. ಹರಿಹರದ ಒಬ್ಬರಿಗೆ ಮಾರನೇ ರಾತ್ರಿ ಸೋಂಕಾಗಿ ಚಳಿಜ್ವರ ಬಂದು ಬಿಪಿ ಕುಸಿಯಿತು, ಆರೇಳು ದಿನ ಐಸಿಯು. ಬಿಲ್ಲು ಒಂದೂವರೆ ಲಕ್ಷ ದಾಟಿತು. ಅವರ ಮಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ. ಅಂದಿನಿಂದ ಪೆರಿನಿಯಂ (ವೃಷಣಚೀಲ ಮತ್ತು ಗುದದ್ವಾರದ ನಡುವಿನ ಜಾಗ) ಬಿಟ್ಟು ಬೇರೆ ದಾರಿಯಿಂದ ಸೂಜಿ ಹಾಕಿಲ್ಲ.

ಗ್ರಂಥಿಯನ್ನು ಎರಡು ದಿಕ್ಕಿನಲ್ಲಿ ತೋರಿಸುವ ಅಲ್ಟ್ರಾಸೌಂಡಿನ ಸೆಕೆಂಡ್ ಹ್ಯಾಂಡ್ ಬೈಪ್ಲೇನ್ ಪ್ರೋಬ್‌ಗೆ ಮೂರೂವರೆ ಲಕ್ಷ ಹೋಯಿತು. ಸೂಜಿಗೆ ದಾರಿ ಮಾಡಿಕೊಡುವ ಆಮದು ಗೈಡ್ ಕಿಟ್ಟಿಗೆ ಕೇಳಿದ ಬೆಲೆಗೆ ಸುಸ್ತಾಗಿ 14 ಗೇಜ್ ಕ್ಯಾನುಲಾ ಹಿಡಿದೆ. ನೂರು ರೂಪಾಯಿ ಆಸುಪಾಸಿನ ವಸ್ತು, ಅದರೊಳಗೆ 18 ಗೇಜಿನ ಬಯಾಪ್ಸಿ ಗನ್ನಿನ ಸೂಜಿ ಸಲೀಸಾಗಿ ಹೋಗುತ್ತದೆ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ). ಎರಡೂ ಬದಿಗೆ ಒಂದೊಂದು, ಅಷ್ಟೇ.

ಕೈ ಪಳಗಿಸಲು ಬಾಳೆದಿಂಡಿನಲ್ಲಿ ಚುಚ್ಚಿ ನೋಡಿದೆ. ಒಳಗೆಲ್ಲ ಗಾಳಿಗೂಡು, ಸ್ಕ್ರೀನ್ ಪೂರ್ತಿ ಬೆಳ್ಳಗಾಯಿತು. ಜೆಲಾಟಿನ್‌ಗೆ ಇಸಬ್‌ಗೋಲ್ ಕಲಸಿ ನೆನೆಸಿದ ಬಟಾಣಿ ಹುದುಗಿಸಿದಾಗ ಥೇಟ್ ಗ್ರಂಥಿಯ ಹಾಗೇ ಕಂಡಿತು. ಮನೆಯ ಫ್ರಿಜ್ಜಿನಲ್ಲಿ ಎರಡು ತಿಂಗಳು ಅದೇ ತುಂಬಿತ್ತು.

ಲೋಕಲ್‌ನಲ್ಲಿ ಮೊದಲ ನಾಲ್ವರು ನನ್ನಿಂದ ನೋವು ತಿಂದರು. ಚರ್ಮಕ್ಕೆ, ಅದರ ಕೆಳಗೆ ಲಿಗ್ನೋಕೇನ್ ಹಾಕಿ ಸಾಕು ಅಂದುಕೊಂಡಿದ್ದೆ. ಮೂರನೇ ಎಳೆಗೇ ಜಗಳೂರಿನ ಯಜಮಾನರು ಕಾಲು ಒದರಿ "ಸಾಕು ಡಾಕ್ಟ್ರೇ, ಬಿಡ್ರಿ" ಅಂದರು. ಬಿಟ್ಟೆ. ಗ್ರಂಥಿಯ ತುದಿಯ ಪಕ್ಕ, ಸ್ನಾಯುವಿನ ಸಂದಿಯ ಆ ತ್ರಿಕೋನಕ್ಕೆ ಔಷಧಿ ತಲುಪಿ ಐದು ನಿಮಿಷ ಕಾಯಬೇಕು. ಆ ಐದು ನಿಮಿಷ ಕಾಯಲು ಕಲಿತ ಮೇಲೆ ಇಪ್ಪತ್ತು ಎಳೆ ತೆಗೆದರೂ ರೋಗಿ ಮೆಕ್ಕೆಜೋಳದ ರೇಟು ಮಾತಾಡುತ್ತಾ ಮಲಗಿರುತ್ತಾರೆ. ದೊಡ್ಡ ಗ್ರಂಥಿಯಲ್ಲಿ ಪ್ಯೂಬಿಕ್ ಮೂಳೆ ಅಡ್ಡ ಬಂದಾಗ ರೋಗಿಯನ್ನು ಹೇಗೆ ಮಲಗಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಬಂದು ನಿಂತು ನೋಡುವವರಿಗೆ ಬಾಗಿಲು ತೆರೆದಿದೆ.

ಎಳೆಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ಕಳಿಸಿದರೆ ಅದು ನಕ್ಷೆಯಾಗುವುದಿಲ್ಲ. ಡಬ್ಬಿ ಹೆಚ್ಚಿದರೆ ಪೆಥಾಲಜಿ ಬಿಲ್ಲೂ ಹೆಚ್ಚುತ್ತದೆ. ಚೌಕಾಸಿ ಮಾಡಿ ಹನ್ನೆರಡು ಡಬ್ಬಿಗೆ ಒಂದು ಪ್ಯಾಕೇಜ್ ಮಾತಾಡಿಕೊಂಡೆ. ಎಂಆರ್‌ಐ ಬಿಟ್ಟು ಎಲ್ಲ ಸೇರಿ ಒಬ್ಬರಿಗೆ ಹದಿನೆಂಟು ಸಾವಿರದಲ್ಲಿ ಮುಗಿಯುತ್ತದೆ.

ಇದುವರೆಗೆ ನೂರಾ ನಲವತ್ತರ ಹತ್ತಿರ ನಕ್ಷೆ ತೆಗೆದಿರಬೇಕು. ಕರೆಂಟಿಗೆ ನಾನು ಒಪ್ಪಿದ್ದು ಹನ್ನೊಂದು ಜನರನ್ನು ಮಾತ್ರ. ಒಂದೇ ಕಡೆ, ಎಂಆರ್‌ಐನಲ್ಲಿ ಕಣ್ಣಿಗೆ ಕಾಣುವ ಗಡ್ಡೆ, ಗ್ಲೀಸನ್ 3+4 (ಮಧ್ಯಮ ಅಪಾಯದ ಕ್ಯಾನ್ಸರ್), ಬೇರೆ ಕಡೆ ಶುದ್ಧ. ಇದಕ್ಕಿಂತ ಆಚೆ ಹೋಗುವುದಿಲ್ಲ. ಬೆಂಗಳೂರಿನ ಖರ್ಚು ಐದು ಲಕ್ಷದ ಸುತ್ತಮುತ್ತ, ಅದರಲ್ಲಿ ದೊಡ್ಡ ಪಾಲು ಒಂದೇ ಸಲ ಬಳಸಿ ಎಸೆಯುವ ಸೂಜಿಗಳದ್ದು. ಆಪರೇಷನ್ ಅಥವಾ ರೇಡಿಯೇಷನ್ ಕಡಿಮೆಗೇ ಆಗುತ್ತದೆ ಅಂತ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತೇನೆ.

ಎರಡನೇ ಕೇಸಿನಲ್ಲಿ ಬೆವರಿಳಿಯಿತು. ನಾಲ್ಕು ಸೂಜಿ, ಆರು ಜೋಡಿ, ಜೋಡಿಗೆ 90 ಪಲ್ಸ್, ಅಂದರೆ ಕ್ಷಣಮಾತ್ರದ ಕರೆಂಟ್ ಹೊಡೆತ. ಮೂರನೇ ಜೋಡಿಯಲ್ಲಿ ಕರೆಂಟ್ 50 ಆಂಪಿಯರ್ ಮುಟ್ಟಿ ಯಂತ್ರ ನಿಂತುಬಿಟ್ಟಿತು. ಗ್ರಿಡ್ (ಸೂಜಿ ತೂರಿಸುವ ತೂತುಗಳ ಫಲಕ) ಹತ್ತಿರ ಸೂಜಿಗಳ ಅಂತರ ಸರಿಯಾಗಿಯೇ ಇತ್ತು, ಒಳಗೆ ತುದಿಗಳು ಒಂದಕ್ಕೊಂದು ವಾಲಿದ್ದವು. ತೆಗೆದು ಮತ್ತೆ ಇಡಲು ನಲವತ್ತು ನಿಮಿಷ. ಸ್ನಾಯು ಸಡಿಲಿಸುವ ರಿಲಾಕ್ಸಂಟ್ ಆಗಲೇ ಇಳಿಯತೊಡಗಿ ತೊಡೆ ಜಿಗಿಯಿತು, ಅನಸ್ತೇಶಿಯಾದವರಿಂದ ಬೈಸಿಕೊಂಡೆ, ಅದು ಸರಿಯಾಗಿಯೇ ಇತ್ತು.

ಅವತ್ತು ಕೇಸ್ ಮುಗಿದ ಮೇಲೆ ಎಸೆಯಬೇಕಿದ್ದ ಆ ಸೂಜಿಗಳನ್ನೇ ಎರಡು ಆಲೂಗಡ್ಡೆಗೆ ಚುಚ್ಚಿ ಅದೇ ಪಲ್ಸ್ ಕೊಟ್ಟೆ. ಒಂದಕ್ಕೆ ನೇರವಾಗಿ, ಇನ್ನೊಂದಕ್ಕೆ ಬೇಕೆಂದೇ ಓರೆಯಾಗಿ. ಟಿಫಿನ್ ಬಾಕ್ಸಿನಲ್ಲಿಟ್ಟುಕೊಂಡು ರಾತ್ರಿ ಬಸ್ಸಿಗೆ ದಾವಣಗೆರೆಗೆ ಬಂದು ಬೆಳಿಗ್ಗೆ ಕೊಯ್ದೆ. ನೇರ ಚುಚ್ಚಿದ್ದರಲ್ಲಿ ಎರಡು ಸೂಜಿಗಳ ನಡುವೆ ಕಡಲೆಕಾಯಿ ಆಕಾರದಲ್ಲಿ ಒಂದೇ ಸಮ ಕಪ್ಪು. ಓರೆಯದರಲ್ಲಿ ತುದಿಯ ಕಡೆ ಗಾಢ ಕಪ್ಪು, ಬುಡದ ಕಡೆ ನಡುವೆ ಬೆರಳಗಲ ಬಿಳುಪು ಹಾಗೇ ಉಳಿದಿತ್ತು. ಆ ಬಿಳುಪಿನಲ್ಲಿ ಗಡ್ಡೆ ಇದ್ದಿದ್ದರೆ? ಕಪ್ಪಾದ ಭಾಗಕ್ಕೆ ಉಗುರು ಒತ್ತಿದೆ. ಹಸಿ ಆಲೂಗಡ್ಡೆಯೇ, ಬೆಂದಿರಲಿಲ್ಲ. ಸೂಜಿಗೆ ತಾಗಿದ ಒಂದು ಮಿಲಿಮೀಟರ್ ಮಾತ್ರ ಬೆಂದ ಹಾಗೆ ಗಾಜುಗಾಜಾಗಿತ್ತು. ನಾನ್-ಥರ್ಮಲ್ ಅಂದರೆ ಬಿಸಿಯೇ ಇಲ್ಲ ಅಂತಲ್ಲ, ಕೋಶ ಸಾಯುವುದು ಬಿಸಿಯಿಂದಲ್ಲ, ಪೊರೆಗೆ ತೂತು ಬಿದ್ದು. ಓದಿ ಗೊತ್ತಿದ್ದದ್ದೇ, ಆದರೆ ಆ ದಿನ ಕೈಗೆ ಗೊತ್ತಾಯಿತು. ಅಂದಿನಿಂದ ಪ್ರತಿ ಜೋಡಿಯ ಅಂತರವನ್ನು ಬುಡ, ನಡು, ತುದಿ ಮೂರೂ ಕಡೆ ಅಳೆಯದೆ ಸ್ವಿಚ್ ಒತ್ತಿಲ್ಲ. ಯಂತ್ರ ಮತ್ತೆ ನಿಂತೂ ಇಲ್ಲ.

ಸೋತದ್ದನ್ನೂ ಹೇಳಬೇಕು. ನಾಲ್ಕನೆಯವರಿಗೆ ಕರೆಂಟ್ ಕೊಟ್ಟ ಜಾಗ ಶುದ್ಧವಾಯಿತು, ವರ್ಷದ ಬಯಾಪ್ಸಿಯಲ್ಲಿ ಇನ್ನೊಂದು ಬದಿಯ ಮುಂಭಾಗದಲ್ಲಿ 3+4 ಸಿಕ್ಕಿತು. ನನ್ನ ಹಳೆಯ ನಕ್ಷೆ ತೆಗೆದು ನೋಡಿದರೆ ಆ ಮೂಲೆಗೆ ನಾನು ಹಾಕಿದ್ದು ಒಂದೇ ಎಳೆ. ಪೂರ್ತಿ ಗ್ರಂಥಿ ತೆಗೆಯಬೇಕಾಯಿತು, ಕರೆಂಟ್ ಕೊಟ್ಟ ಬದಿ ಅಂಟಿಕೊಂಡು ಬಿಡಿಸಲು ಕಷ್ಟವಾಯಿತು. ನನ್ನ ಫೀ ತಗೊಳ್ಳಲಿಲ್ಲ. ಈಗ ಮುಂಭಾಗಕ್ಕೆ ಪ್ರತಿ ಬದಿಗೆ ಕನಿಷ್ಠ ಮೂರು ಎಳೆ ತೆಗೆಯುತ್ತೇನೆ, ಎಂಆರ್‌ಐ ಏನೇ ಹೇಳಲಿ.

ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರಿನಲ್ಲಿ ಪ್ರಾಸ್ಟೇಟ್‌ಗೆ ಈ ಯಂತ್ರವನ್ನು ಒಪ್ಪಿದ ಮೇಲೆ ಇಲ್ಲಿಯೂ ಫೋನು ಮಾಡಿ ವಿಚಾರಿಸುವವರು ಹೆಚ್ಚಾಗಿದ್ದಾರೆ. ಕೇಳಿದವರಿಗೆಲ್ಲ ಮೊದಲು ಜೆಲಾಟಿನ್ ಕಲಸಿ ಅಂತಲೇ ಹೇಳುತ್ತೇನೆ. ಹಿರಿಯರು ಫೋಟೋಗೆ ಉತ್ತರ ಬರೆಯಲಿಲ್ಲ. ಮೂರು ದಿನ ಬಿಟ್ಟು ತಮ್ಮದೇ ಒಬ್ಬ ರೋಗಿಯ ಎಂಆರ್‌ಐ ಸಿಡಿ ಕೊಟ್ಟು ಕಳಿಸಿದರು, ಮೇಲೆ ನನ್ನ ಹೆಸರು ಬರೆದಿತ್ತು. ಗುರುವಾರ ಬೆಳಿಗ್ಗೆ ಆ ರೋಗಿಯ ನಕ್ಷೆ.