ಕಾಲು ಊದಿದಾಗ ಡಿ-ಡೈಮರ್ ಟೆಸ್ಟ್: ಮಾಡಿಸುವುದು ಹೇಗೆ, ರಿಪೋರ್ಟ್ ಓದುವುದು ಹೇಗೆ

ಕಳೆದ ಸಲ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಅಮ್ಮನ ಎಡಗಾಲಿನ ಮೀನಖಂಡ ಊದಿಕೊಂಡಿತು. ತೀರ್ಥಹಳ್ಳಿಯ ಡಾಕ್ಟರು ನೋಡಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಏನೋ ಎಂಬ ಅನುಮಾನಕ್ಕೆ ಡಿ-ಡೈಮರ್ ಎಂಬ ರಕ್ತ ಪರೀಕ್ಷೆ ಬರೆದುಕೊಟ್ಟರು.

ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆಯುತ್ತವೆ. ಆಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಆ ಬಲೆಯನ್ನು ಕತ್ತರಿಸುತ್ತದೆ. ಆಗ ಉಳಿಯುವ ಚೂರೇ ಡಿ-ಡೈಮರ್.

ಮೊದಲು ಡಾಕ್ಟರಿಗೆ ಕಾಲು ತೋರಿಸಿ, ಸುಮ್ನೆ ನೀವೇ ಲ್ಯಾಬಿಗೆ ಹೋಗಬೇಡಿ. ಯಾಕೆಂದರೆ ಬಸಿರು, ಆಪರೇಷನ್, ಸೋಂಕು, ಕ್ಯಾನ್ಸರ್, ಬಿದ್ದ ಪೆಟ್ಟು, ಕಡೆಗೆ ಬರೀ ವಯಸ್ಸಾದರೂ ಇದು ಏರುತ್ತದೆ. ಹೆಪ್ಪಿನ ಅನುಮಾನ ಕಡಿಮೆ ಇದ್ದು ಅಂಕಿಯೂ ಕಡಿಮೆ ಬಂದರೆ ಧೈರ್ಯವಾಗಿರಬಹುದು; ಅನುಮಾನ ಬಲವಾಗಿದ್ದರೆ ರಕ್ತನಾಳವನ್ನೇ ನೋಡುವ ಡಾಪ್ಲರ್ ಸ್ಕ್ಯಾನೇ ಬೇಕು. ರಕ್ತ ತೆಳುವಾಗುವ ಔಷಧಿ ತಗೊಳ್ತಿದ್ದರೆ ಹೇಳಿಬಿಡಿ, ಅದರಿಂದ ಅಂಕಿ ತಗ್ಗಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಯಾವ ಟೆಸ್ಟಿಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಖಾಲಿ ಹೊಟ್ಟೆ ಬೇಕಿಲ್ಲ. ರಕ್ತ ತೆಗೆಯುವಾಗ ನೀಲಿ ಮುಚ್ಚಳದ ಟ್ಯೂಬಿನ ಮೇಲೆ ಕಣ್ಣಿಡಿ. ಅದರೊಳಗೆ ಮೊದಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುತ್ತದೆ. ಅದು 1 ಪಾಲು, ರಕ್ತ 9 ಪಾಲು, ಹಾಗಾಗಿ ಗೆರೆಯವರೆಗೆ ತುಂಬಲೇಬೇಕು. ತುಂಬಿದ ಮೇಲೆ ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಅಮ್ಮನ ಮೊದಲ ಸ್ಯಾಂಪಲ್ ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು. ಅದು 60 ಕಿ.ಮೀ. ದೂರದ ಶಿವಮೊಗ್ಗದ ಲ್ಯಾಬಿಗೆ ಹೋದ ಮೇಲೆ ‘ಇದು ನಡೆಯಲ್ಲ’ ಅಂತ ಫೋನ್ ಬಂತು, ಮಾರನೇ ದಿನ ಅದೇ ಕೈಗೆ ಮತ್ತೆ ಸೂಜಿ. ನಿಮ್ಮೂರಿನಿಂದಲೂ ಸ್ಯಾಂಪಲ್ ಬೇರೆ ಕಡೆ ಹೋಗುವುದಾದರೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದೂ ಕೇಳಿಕೊಳ್ಳಿ.

ಲ್ಯಾಬಿನಲ್ಲಿ ಟ್ಯೂಬನ್ನು ಜೋರಾಗಿ ತಿರುಗಿಸಿ ರಕ್ತದ ತಿಳಿ ದ್ರವವಾದ ಪ್ಲಾಸ್ಮಾ ಬೇರೆ ಮಾಡುತ್ತಾರೆ. ಅದಕ್ಕೆ ಆಂಟಿಬಾಡಿ ಅಂಟಿಸಿದ ಸಣ್ಣ ಲೇಟೆಕ್ಸ್ ಕಾಳು ಬೆರೆಸಿದರೆ ಅವು ಡಿ-ಡೈಮರನ್ನು ಹಿಡಿದು ಗುಂಪುಗೂಡುತ್ತವೆ. ಎಷ್ಟು ಮಬ್ಬಾಯಿತು ಎಂದು ಯಂತ್ರ ಬೆಳಕು ಹಾಯಿಸಿ ಅಳೆಯುತ್ತದೆ.

ರಿಪೋರ್ಟ್ ಬಂದಾಗ ಅಂಕಿಗಿಂತ ಮೊದಲು ಯೂನಿಟ್ ನೋಡಿ. ಕೆಲವು ಕಡೆ ಎಫ್‌ಇಯು (ಫೈಬ್ರಿನ್ ಆಗುವ ಮೂಲ ಪ್ರೋಟೀನಿನ ತೂಕದ ಲೆಕ್ಕ), ಕೆಲವು ಕಡೆ ಡಿಡಿಯು (ಡಿ-ಡೈಮರಿನದೇ ತೂಕದ ಲೆಕ್ಕ). ಎಫ್‌ಇಯು ಲೆಕ್ಕದಲ್ಲಿ ಸಾಮಾನ್ಯ ಮಿತಿಯಾದ ಮಿ.ಲೀ.ಗೆ 500 ನ್ಯಾನೊಗ್ರಾಂ ಅಂದರೆ ಡಿಡಿಯುನಲ್ಲಿ ಸುಮಾರು 250. ಎರಡು ಲ್ಯಾಬಿನ ಅಂಕಿ ಪಕ್ಕಪಕ್ಕ ಇಟ್ಟು ‘ಅಯ್ಯೋ, ಡಬಲ್ ಆಯ್ತು’ ಅಂತ ಗಾಬರಿಯಾಗುವುದು ಇಲ್ಲೇ.

ವಯಸ್ಸಿನ ಲೆಕ್ಕವೂ ಇದೆ. 50 ದಾಟಿದವರಲ್ಲಿ ಅನುಮಾನ ಕಡಿಮೆ ಇದ್ದಾಗ, ಎಫ್‌ಇಯು ರಿಪೋರ್ಟಿಗೆ ಡಾಕ್ಟರುಗಳು ವಯಸ್ಸನ್ನು 10ರಿಂದ ಗುಣಿಸಿ ಮಿತಿ ಇಟ್ಟುಕೊಳ್ಳುತ್ತಾರೆ. ಅಮ್ಮನಿಗೆ 68, ಅಂದರೆ ಮಿತಿ 680. ಬಂದಿದ್ದು 610. ರಿಪೋರ್ಟಿನಲ್ಲಿ ಅದರ ಪಕ್ಕ ದಪ್ಪಕ್ಷರದಲ್ಲಿ ‘ಹೈ’ ಅಂತಿತ್ತು, ಡಾಕ್ಟರು ಈ ಗುಣಾಕಾರ ಮಾಡಿ ತೋರಿಸುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.