ಒಂದೇ ಬೈಟನ್ನು ಇಪ್ಪತ್ತು ಸಲ ಬರೆಯುತ್ತಿದ್ದೆವು

ಒಂಬತ್ತು ನೋಡ್‌ಗಳ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ) ಕ್ಲಸ್ಟರ್, ಅಪಾಚೆ ಕಸಾಂಡ್ರ 3.11 ಡೇಟಾಬೇಸ್, ಪ್ರತಿ ಸಾಲಿಗೂ ಮೂರು ಪ್ರತಿಗಳು. ಸಾವಿರಾರು ಉಪಕರಣಗಳು ಕಳುಹಿಸುವ ಅಳತೆಗಳೆಲ್ಲ ಒಂದೇ ದೊಡ್ಡ ಟೇಬಲಿಗೆ ಬಂದು ಬೀಳುತ್ತಿದ್ದವು. ಮೂವತ್ತು ದಿನ ಕಳೆದ ಅಳತೆ ಯಾರಿಗೂ ಬೇಡ. ಹಾಗಾಗಿ ಅಪ್ಲಿಕೇಶನ್ ಪ್ರತಿ ಸಾಲಿಗೂ ಮೂವತ್ತು ದಿನಗಳ ಟಿಟಿಎಲ್, ಅಂದರೆ ಆಯುಷ್ಯದ ಮಿತಿ, ಹಾಕಿಯೇ ಬರೆಯುತ್ತಿತ್ತು. ನಾನು ಈ ವ್ಯವಸ್ಥೆಯ ಉಸ್ತುವಾರಿ ವಹಿಸಿಕೊಂಡಾಗ ಎಲ್ಲವೂ ಸರಿಯಾಗಿದೆ ಎಂದೇ ಹೇಳಿದ್ದರು. ಎರಡನೆಯ ತಿಂಗಳಲ್ಲಿ ಬಾಕಿ ಕಂಪ್ಯಾಕ್ಷನ್‌ಗಳ ಗ್ರಾಫ್ ಏರತೊಡಗಿತು. ಮೊದಲು ನಲವತ್ತು, ಆಮೇಲೆ ಇನ್ನೂರು, ಒಂದು ವಾರಾಂತ್ಯದ ನಂತರ ಆರುನೂರು. ಏರಿದ್ದು ಇಳಿಯಲಿಲ್ಲ.

ಈ ಬಗೆಯ ಡೇಟಾಬೇಸ್‌ಗಳ ಪರಿಚಯವಿಲ್ಲದವರಿಗೆ ಎರಡು ಮಾತು. ಕಸಾಂಡ್ರ ಬರೆದದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದು ತುಂಬಿದಾಗ ಎಸ್‌ಎಸ್‌ಟೇಬಲ್ ಎಂಬ ಫೈಲಾಗಿ ಡಿಸ್ಕಿಗೆ ಇಳಿಸುತ್ತದೆ. ಇಳಿಸಿದ ಫೈಲನ್ನು ಮತ್ತೆ ತಿದ್ದುವುದಿಲ್ಲ. ಹೀಗೆ ಫೈಲುಗಳು ಹೆಚ್ಚುತ್ತಾ ಹೋದಂತೆ ಒಂದು ಓದಿಗೆ ಹತ್ತಾರು ಫೈಲುಗಳನ್ನು ತಡಕಬೇಕಾಗುತ್ತದೆ. ಆದ್ದರಿಂದ ಹಿನ್ನೆಲೆಯಲ್ಲಿ ಅವನ್ನು ಬೆರೆಸಿ, ಹಳೆಯದನ್ನೂ ಅಳಿದದ್ದನ್ನೂ ಬಿಟ್ಟು, ಹೊಸ ಫೈಲು ಬರೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ಅದೇ ಕಂಪ್ಯಾಕ್ಷನ್.

ಬಾಕಿ ಎಂದು ತೋರಿಸುವ ಸಂಖ್ಯೆ ಸರದಿಯಲ್ಲಿ ನಿಂತ ಕೆಲಸಗಳ ಎಣಿಕೆಯಲ್ಲ, ಅದೊಂದು ಅಂದಾಜು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಆ ಸಂಖ್ಯೆ ನೋಡಿಯೇ ಗಾಬರಿಯಾದೆ. ನಿಜವಾಗಿ ಗಾಬರಿಯಾಗಬೇಕಾದದ್ದು ಬೇರೆ ಕಡೆ ಇತ್ತು. ಟೇಬಲ್ ಹಿಸ್ಟೊಗ್ರಾಮ್ ತೆಗೆದು ನೋಡಿದರೆ 99ನೇ ಪರ್ಸೆಂಟೈಲಿನಲ್ಲಿ, ಅಂದರೆ ನೂರರಲ್ಲಿ ಅತಿ ಕೆಟ್ಟ ಒಂದು ಓದಿಗೆ, ಮೂವತ್ತಕ್ಕೂ ಹೆಚ್ಚು ಫೈಲುಗಳು. ಟೇಬಲಿನ ಕಂಪ್ಯಾಕ್ಷನ್ ತಂತ್ರ ಲೆವೆಲ್ಡ್, ಅಂದರೆ ಫೈಲುಗಳನ್ನು ಸೊನ್ನೆಯಿಂದ ಮೇಲಕ್ಕೆ ಮಟ್ಟಮಟ್ಟವಾಗಿ ಜೋಡಿಸುವಂಥದು. ನಾಲ್ಕು ಫೈಲುಗಳು ಇರಬೇಕಾದ ಸೊನ್ನೆಯ ಮಟ್ಟದಲ್ಲಿ ನಾನೂರು ಚಿಲ್ಲರೆ ಫೈಲುಗಳು ರಾಶಿ ಬಿದ್ದಿದ್ದವು. ಆ ಮಟ್ಟದಲ್ಲಿ ಫೈಲುಗಳು 32 ದಾಟಿದರೆ ಕಸಾಂಡ್ರ ಲೆವೆಲ್ಡ್ ಶಿಸ್ತನ್ನು ಅಲ್ಲಿ ಬದಿಗಿಟ್ಟು, ಸರಿಸುಮಾರು ಒಂದೇ ಗಾತ್ರದ ಫೈಲುಗಳನ್ನು ಸುಮ್ಮನೆ ಬೆರೆಸತೊಡಗುತ್ತದೆ. ಅಂದರೆ ಓದು ವೇಗವಾಗಲಿ ಎಂದು ಯಾರೋ ಆರಿಸಿದ್ದ ತಂತ್ರ ಹೆಸರಿಗಷ್ಟೇ ಉಳಿದಿತ್ತು.

ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದೇ. ಈ ಆವೃತ್ತಿಯಲ್ಲಿ ಕಂಪ್ಯಾಕ್ಷನ್ ವೇಗದ ಮಿತಿ ತಾನಾಗಿ ಇರುವುದು ಸೆಕೆಂಡಿಗೆ 16 ಮೆಗಾಬೈಟ್. ನೋಡ್‌ಟೂಲ್ ಎಂಬ ಆಡಳಿತ ಸಾಧನದಿಂದ ಅದನ್ನು 64ಕ್ಕೆ ಏರಿಸಿದೆ, ಅದೂ ಒಂಬತ್ತೂ ನೋಡ್‌ಗಳಲ್ಲಿ ಒಟ್ಟಿಗೆ. ಒಂದು ಗಂಟೆಯಲ್ಲಿ ಬಾಕಿ ಇಳಿಯತೊಡಗಿತು, ನಾನು ಹಿಗ್ಗಿದೆ. ಅಷ್ಟರಲ್ಲಿ ಓದಿನ ಲೇಟೆನ್ಸಿ (ಉತ್ತರ ಬರಲು ಹಿಡಿಯುವ ಹೊತ್ತು) ನಲವತ್ತು ಮಿಲಿಸೆಕೆಂಡಿನಿಂದ ಮುನ್ನೂರಕ್ಕೆ ಹೋಗಿ, ಅಪ್ಲಿಕೇಶನ್ ತಂಡದವರ ಕರೆಗಳು ಬರಲು ಶುರುವಾದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಡಿಸ್ಕ್ ಒಂದೇ, ಅದನ್ನು ಎಳೆದಾಡುವವರು ಇಬ್ಬರು.

ರಾತ್ರಿ 64, ಹಗಲು 16 ಎಂದು, ಹೊತ್ತಿಗೆ ಸರಿಯಾಗಿ ಆದೇಶ ಓಡಿಸುವ ಕ್ರಾನ್‌ನಲ್ಲಿ ಬರೆದಿಟ್ಟೆ. ನಾಚಿಕೆಯಾದರೂ ಹೇಳುತ್ತೇನೆ, ಎರಡು ವಾರ ಇದರಲ್ಲೇ ತಳ್ಳಿದೆವು. ರಾತ್ರಿ ಇಳಿದ ಬಾಕಿ ಹಗಲು ಏರುತ್ತಿತ್ತು. ನಡುವೆ ಒಂದು ಸಂಜೆ ಒಂದು ನೋಡಿಗೆ ಮಿತಿಯ ಆದೇಶ ತಲುಪಿದ ಮೇಲೆ ಯಾರೋ ಆ ನೋಡನ್ನು ಮರುಚಾಲನೆ ಮಾಡಿದರು. ನೋಡ್‌ಟೂಲ್‌ನಿಂದ ಹೇಳಿದ ಮಿತಿ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಮರುಚಾಲನೆಯಾದರೆ ಯಾಮಲ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಇರುವುದೇ ಮತ್ತೆ ಜಾರಿಗೆ ಬರುತ್ತದೆ. ಉಳಿದ ಎಂಟು ನೋಡ್‌ಗಳು ಇಳಿಯುತ್ತಿದ್ದರೂ ಅದೊಂದು ಮಾತ್ರ ಏಕೆ ಏರುತ್ತಿದೆ ಎಂದು ಮರುದಿನ ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡೆ.

ಮುಂದೆ ಏಕಕಾಲದ ಕಂಪ್ಯಾಕ್ಟರ್‌ಗಳ, ಅಂದರೆ ಒಟ್ಟಿಗೆ ಕಂಪ್ಯಾಕ್ಷನ್ ಮಾಡುವ ಥ್ರೆಡ್‌ಗಳ, ಸಂಖ್ಯೆಗೆ ಕೈ ಹಾಕಿದೆ. ಎರಡಿದ್ದುದನ್ನು ಆರು ಮಾಡಿದೆ. ಸೊನ್ನೆಯ ಮಟ್ಟದ ರಾಶಿ ಒಂದಿಷ್ಟೂ ಕರಗಲಿಲ್ಲ. ಬದಲಿಗೆ ಕಸ ಸಂಗ್ರಹಣೆಗೆ (ಬೇಡವಾದ ಮೆಮೊರಿಯ ತೆರವಿಗೆ) ಕಸಾಂಡ್ರವನ್ನು ಓಡಿಸುವ ಜಾವಾ ನಿಲ್ಲುವ ಹೊತ್ತು ಹೆಚ್ಚಾಯಿತು. ಕಾರಣ ಆಮೇಲೆ ತಿಳಿಯಿತು. ಸೊನ್ನೆಯ ಮಟ್ಟದಿಂದ ಒಂದನೆಯ ಮಟ್ಟಕ್ಕೆ ಸಾಗಿಸುವಾಗ ಒಂದನೆಯ ಮಟ್ಟದ ಹೆಚ್ಚುಕಡಿಮೆ ಎಲ್ಲ ಫೈಲುಗಳೂ ಆ ಕೆಲಸದಲ್ಲಿ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಅಂಥದ್ದು ಒಂದು ಸಲಕ್ಕೆ ಒಂದೇ ನಡೆಯಬಲ್ಲದು. ಆರು ಜನ ಹಮಾಲಿಗಳಿದ್ದರೂ ಬಾಗಿಲು ಒಂದೇ ಆದರೆ ಏನು ಪ್ರಯೋಜನ? ಉಳಿದ ಐವರು ಮೇಲಿನ ಮಟ್ಟಗಳಲ್ಲಿ ಅಷ್ಟೇನೂ ತುರ್ತಿಲ್ಲದ ಫೈಲುಗಳನ್ನು ಎತ್ತಿಡುತ್ತಿದ್ದರು, ನಾನಿಟ್ಟ ಮಿತಿಯನ್ನೂ ಹಂಚಿಕೊಳ್ಳುತ್ತಿದ್ದರು. ಆ ಮಿತಿ ಇಡೀ ನೋಡಿಗೆ ಸೇರಿದ್ದು, ಒಂದೊಂದು ಥ್ರೆಡ್ಡಿಗಲ್ಲ.

ಸಂಖ್ಯೆಯನ್ನು ಮತ್ತೆ ಎರಡಕ್ಕೆ ಇಳಿಸಿ, ಒಂದು ನೋಡಿನಲ್ಲಿ ಮಿತಿಯನ್ನು 128 ಮಾಡಿ ನೋಡಿದೆ. 64ಕ್ಕೂ 128ಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಪ್ರೊಸೆಸರ್ ಬಳಕೆ ತೋರಿಸುವ ಟಾಪ್‌ನಲ್ಲಿ ಥ್ರೆಡ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೆ ಎರಡು ಥ್ರೆಡ್‌ಗಳು ಒಂದೊಂದು ಕೋರನ್ನು ನೂರಕ್ಕೆ ನೂರು ತಿನ್ನುತ್ತಿದ್ದವು. ಅವುಗಳ ಸಂಖ್ಯೆಯನ್ನು ಹದಿನಾರರ ಮಾನಕ್ಕೆ ತಿರುಗಿಸಿ ಜಾವಾ ಥ್ರೆಡ್‌ಗಳನ್ನು ತೋರಿಸುವ ಜೆಸ್ಟ್ಯಾಕ್‌ನ ಪಟ್ಟಿಯಲ್ಲಿ ಹುಡುಕಿದಾಗ ಎರಡೂ ಕಂಪ್ಯಾಕ್ಷನ್ ಥ್ರೆಡ್‌ಗಳೇ ಎಂದು ಖಾತ್ರಿಯಾಯಿತು. ನಮ್ಮ ಸಾಲುಗಳು ತೀರ ಚಿಕ್ಕವು. ಅವನ್ನು ಬಿಚ್ಚಿ, ಹೋಲಿಸಿ, ಮತ್ತೆ ಕುಗ್ಗಿಸುವುದರಲ್ಲೇ ಪ್ರೊಸೆಸರ್ ಸುಸ್ತಾಗುತ್ತಿತ್ತು. ಒಂದು ಥ್ರೆಡ್ ಸೆಕೆಂಡಿಗೆ ಮೂವತ್ತು ಮೆಗಾಬೈಟ್ ದಾಟುತ್ತಿರಲಿಲ್ಲ.

ಆಗಲೇ ಒಂದು ಸಭೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: “ದಿನಕ್ಕೆ ಎಷ್ಟು ಬರುತ್ತಿದೆ, ಎಷ್ಟು ಬರೆಯುತ್ತಿದ್ದೀರಿ ಎಂದು ಎಣಿಸಿದ್ದೀರಾ?” ಎಣಿಸಿರಲಿಲ್ಲ. ತಿರುಪುಗಳನ್ನು ತಿರುಗಿಸುತ್ತಿದ್ದೆ ಅಷ್ಟೇ.

ಆ ಸಂಜೆ ಒಂದು ನೋಡಿನ ಲಾಗ್‌ನಿಂದ ಫ್ಲಷ್ ಆದ, ಅಂದರೆ ಮೆಮೊರಿಯಿಂದ ಡಿಸ್ಕಿಗೆ ಇಳಿದ, ಗಾತ್ರಗಳನ್ನು ಕೂಡಿದೆ. ದಿನಕ್ಕೆ ಸುಮಾರು 60 ಗಿಗಾಬೈಟ್. ಕಂಪ್ಯಾಕ್ಷನ್ ಹಿಸ್ಟರಿಯಲ್ಲಿ ಪ್ರತಿ ಕೆಲಸಕ್ಕೂ ಒಳಬಂದ ಬೈಟುಗಳು, ಹೊರಹೋದ ಬೈಟುಗಳು ಇರುತ್ತವೆ. ಮಿತಿ 16ರಲ್ಲೇ ಇದ್ದ ದಿನಗಳಲ್ಲಿ ಹೊರಹೋದದ್ದು ದಿನಕ್ಕೆ ಸುಮಾರು 1,300 ಗಿಗಾಬೈಟ್. ಸೆಕೆಂಡಿಗೆ 16 ಮೆಗಾಬೈಟ್ ಎಂದರೆ 86,400 ಸೆಕೆಂಡುಗಳ ಒಂದು ದಿನಕ್ಕೆ 13,82,400 ಮೆಗಾಬೈಟ್. ಅಂದರೆ ಯಂತ್ರ ಹಗಲು ರಾತ್ರಿ ಮಿತಿಗೆ ತಲೆ ತಾಗಿಸಿಕೊಂಡೇ ಓಡುತ್ತಿತ್ತು, ಆದರೂ ಹಿಂದೆ ಬೀಳುತ್ತಿತ್ತು. ಒಳಗೆ ಬಂದ ಒಂದೊಂದು ಬೈಟನ್ನೂ ಇಪ್ಪತ್ತಕ್ಕೂ ಹೆಚ್ಚು ಸಲ ಬರೆಯುತ್ತಿದ್ದೆವು.

ಲೆವೆಲ್ಡ್ ತಂತ್ರದಲ್ಲಿ ಇದು ಅಚ್ಚರಿಯೇನಲ್ಲ. ಒಂದೊಂದು ಫೈಲು 160 ಮೆಗಾಬೈಟ್, ಪ್ರತಿ ಮಟ್ಟ ಹಿಂದಿನದಕ್ಕಿಂತ ಹತ್ತು ಪಟ್ಟು ದೊಡ್ಡದು. ಒಂದನೆಯದು 1.6 ಗಿಗಾಬೈಟ್, ಎರಡನೆಯದು 16, ಮೂರನೆಯದು 160, ನಾಲ್ಕನೆಯದು 1,600. ನೋಡಿಗೆ ಎರಡು ಟೆರಾಬೈಟಿನಷ್ಟು ದತ್ತಾಂಶವಿದ್ದ ನಾವು ಐದನೆಯ ಮಟ್ಟಕ್ಕೆ ಕಾಲಿಟ್ಟಿದ್ದೆವು. ಪ್ರತಿ ಮೆಟ್ಟಿಲು ಹತ್ತುವಾಗಲೂ ಒಂದು ಫೈಲು ಮೇಲಿನ ಹತ್ತು ಫೈಲುಗಳೊಂದಿಗೆ ಬೆರೆಯಬೇಕು. ಇಷ್ಟೆಲ್ಲ ಶ್ರಮಪಟ್ಟು ಮೇಲೇರಿಸಿದ ಅಳತೆ ಮೂವತ್ತು ದಿನಗಳಲ್ಲಿ ಸಾಯುವಂಥದು! ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುವುದು ಇದಕ್ಕೇ.

ಲೆವೆಲ್ಡ್ ಕೆಟ್ಟದ್ದು ಎನ್ನುತ್ತಿಲ್ಲ. ಉಪಕರಣಗಳ ವಿವರಗಳಿರುವ ನಮ್ಮ ಇನ್ನೊಂದು ಟೇಬಲಿಗೆ ಇಂದಿಗೂ ಅದೇ ಇದೆ. ಅಲ್ಲಿ ದತ್ತಾಂಶ ಚಿಕ್ಕದು, ಮತ್ತೆ ಮತ್ತೆ ತಿದ್ದುವಂಥದು, ಓದುವುದೂ ಬಹಳ. ಕಾಲಕ್ರಮದಲ್ಲಿ ಬಂದು ಕಾಲಕ್ರಮದಲ್ಲೇ ಸಾಯುವ ಅಳತೆಗಳಿಗೆ ಬೇಕಾದದ್ದು ಟೈಮ್ ವಿಂಡೋ ತಂತ್ರ. ಒಂದು ದಿನದ ಕಿಟಕಿಯೊಳಗೆ ಬಂದ ಫೈಲುಗಳು ತಮ್ಮತಮ್ಮಲ್ಲೇ ಬೆರೆಯುತ್ತವೆ, ದಿನ ಮುಗಿದಾಗ ಒಂದೇ ಫೈಲಾಗುತ್ತವೆ, ಮತ್ತೆ ಯಾರೂ ಅವನ್ನು ಮುಟ್ಟುವುದಿಲ್ಲ. ಅವಧಿ ಮುಗಿದ ಫೈಲನ್ನು ಬಿಡಿಸಿ ನೋಡದೆ ಇಡಿಯಾಗಿ ಅಳಿಸಬಹುದು. ಕಿಟಕಿಗಳು ಇಪ್ಪತ್ತರಿಂದ ಮೂವತ್ತರೊಳಗೆ ಇರುವುದು ಒಳ್ಳೆಯದು ಎನ್ನುತ್ತಾರೆ. ಮೂವತ್ತು ದಿನಗಳ ಆಯುಷ್ಯಕ್ಕೆ ದಿನಕ್ಕೊಂದು ಕಿಟಕಿ ಸರಿಹೋಯಿತು.

ಇದ್ದ ಟೇಬಲಿನ ತಂತ್ರವನ್ನೇ ಬದಲಿಸಬಹುದಿತ್ತು. ಆದರೆ ಆ ಒಂದು ಸಾಲಿನ ಆದೇಶ ಒಂಬತ್ತೂ ನೋಡ್‌ಗಳಲ್ಲಿ ಏಕಕಾಲಕ್ಕೆ ಎರಡೆರಡು ಟೆರಾಬೈಟಿನ ಮರುಜೋಡಣೆಗೆ ಚಾಲನೆ ಕೊಡುತ್ತದೆ. ಒಮ್ಮೆ ಕೈ ಸುಟ್ಟುಕೊಂಡವನಿಗೆ ಅಷ್ಟು ಧೈರ್ಯವಿರಲಿಲ್ಲ. ಇನ್ನೊಂದು ತೊಡಕೂ ಇತ್ತು. ಸಾಲುಗಳನ್ನು ಪಾರ್ಟಿಷನ್ ಎಂಬ ಗುಂಪುಗಳಾಗಿ ಹಂಚುವ ಹಳೆಯ ಪಾರ್ಟಿಷನ್ ಕೀ ಬರೀ ಉಪಕರಣದ ಗುರುತು. ಹಾಗೆಯೇ ಬಿಟ್ಟರೆ ಒಂದು ಉಪಕರಣದ ಪಾರ್ಟಿಷನ್ ಮೂವತ್ತು ಕಿಟಕಿಗಳಿಗೂ ಹರಡಿಕೊಳ್ಳುತ್ತಿತ್ತು. ಆದ್ದರಿಂದ ಉಪಕರಣ ಮತ್ತು ದಿನಾಂಕ ಎರಡನ್ನೂ ಸೇರಿಸಿದ ಕೀಲಿಯೊಂದಿಗೆ ಹೊಸ ಟೇಬಲನ್ನೇ ಕಟ್ಟಿದೆವು. ಹೊಸ ಅಳತೆಗಳು ಹೊಸದಕ್ಕೆ, ಹಳೆಯ ದಿನಾಂಕದ ಓದುಗಳು ಹಳೆಯದಕ್ಕೆ. ಇಡೀ ತಿಂಗಳ ನಕ್ಷೆ ಬಿಡಿಸುವ ಪುಟ ಈಗ ಒಂದರ ಬದಲು ಮೂವತ್ತು ಪ್ರಶ್ನೆಗಳನ್ನು ಒಟ್ಟಿಗೆ ಕಳುಹಿಸಬೇಕು ಎಂದು ಅಪ್ಲಿಕೇಶನ್ ತಂಡ ಮುಖ ಸಿಂಡರಿಸಿತು. ಸಿಂಡರಿಸಿಕೊಂಡೇ ಬರೆದುಕೊಟ್ಟಿತು.

ಹೊಸ ಟೇಬಲಿನಲ್ಲಿ ಓದಿನ ಜೊತೆ ಆಗೊಮ್ಮೆ ಈಗೊಮ್ಮೆ ನಡೆಯುವ ರೀಡ್ ರಿಪೇರಿಯ (ಪ್ರತಿಗಳನ್ನು ಹೋಲಿಸಿ ಸರಿಪಡಿಸುವ ಕೆಲಸದ) ಸಂಭವನೀಯತೆಯನ್ನು ಸೊನ್ನೆ ಮಾಡಿದೆ. ಈ ಆವೃತ್ತಿಯಲ್ಲಿ ಅದು ತಾನಾಗಿ 0.1 ಇರುತ್ತದೆ. ಹಾಗೆ ಬಿಟ್ಟರೆ ಹಳೆಯ ದಿನಗಳ ಸಾಲುಗಳು ಇಂದಿನ ಫೈಲಿಗೆ ಬಂದು ಸೇರಿಕೊಂಡು ಕಿಟಕಿಗಳ ಗಡಿ ಕಲಸಿಹೋಗುತ್ತದೆ.

ಫಲ ಮೊದಲ ವಾರದಲ್ಲೇ ಕಂಡಿತು. ಅದೇ 60 ಗಿಗಾಬೈಟಿಗೆ ಈಗ ಕಂಪ್ಯಾಕ್ಷನ್ ಬರೆಯುತ್ತಿದ್ದುದು ದಿನಕ್ಕೆ 280ರ ಆಸುಪಾಸು. ತಿಂಗಳುಗಟ್ಟಲೆ ನಾನು ಬೈದುಕೊಂಡಿದ್ದ 16ರ ಮಿತಿ ಇದಕ್ಕೆ ಧಾರಾಳವಾಗಿ ಸಾಕಿತ್ತು! ಒಂದೇ ಕಿರಿಕಿರಿ. ಕಿಟಕಿಗಳು ಯುಟಿಸಿ ಗಡಿಯಾರದ ಪ್ರಕಾರ ಮುಚ್ಚುವುದರಿಂದ, ಯುಟಿಸಿ ಮಧ್ಯರಾತ್ರಿ ಕಳೆದೊಡನೆ ಒಂಬತ್ತೂ ನೋಡ್‌ಗಳು ಮುಗಿದ ದಿನದ ಫೈಲುಗಳನ್ನು ಒಟ್ಟಿಗೆ ಬೆರೆಸಲು ಕೂರುತ್ತವೆ. 16ರಲ್ಲಿ ಅದಕ್ಕೆ ಗಂಟೆಗೂ ಮೀರಿ ಹಿಡಿಯುತ್ತಿತ್ತು. ಮಿತಿಯನ್ನು 24ಕ್ಕೆ ಏರಿಸಿದೆ, ಈ ಸಲ ಯಾಮಲ್ ಫೈಲಿನಲ್ಲೇ ಬರೆದೆ. ಈಗ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ.

ತಿಂಗಳು ಕಳೆದು ಹಳೆಯ ಟೇಬಲನ್ನು ಡ್ರಾಪ್ ಮಾಡಿದಾಗ ಡಿಸ್ಕ್ ಒಂದು ಕೂದಲಿನಷ್ಟೂ ಖಾಲಿಯಾಗಲಿಲ್ಲ. ಡ್ರಾಪ್ ಮಾಡುವ ಮುನ್ನ ಕಸಾಂಡ್ರ ತಾನಾಗಿಯೇ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುತ್ತದೆ. ಅದನ್ನು ತೆರವು ಮಾಡಿದ ಮೇಲೆ ಜಾಗ ಸಿಕ್ಕಿತು.

ಆದರೆ ಹೊಸ ಟೇಬಲಿನ ಮೊದಲ ದಿನದ ಫೈಲುಗಳು ಮೂವತ್ತೊಂದನೆಯ ದಿನ ಸಾಯಲಿಲ್ಲ. ಟಿಟಿಎಲ್ ಮುಗಿದ ಮೇಲೂ ಜಿಸಿ ಗ್ರೇಸ್ ಅವಧಿ ಕಾಯಬೇಕು, ಅದು ತಾನಾಗಿ 8,64,000 ಸೆಕೆಂಡ್, ಅಂದರೆ ಹತ್ತು ದಿನ. ನಾವು ಈ ಟೇಬಲಿನಲ್ಲಿ ಯಾವ ಸಾಲನ್ನೂ ಕೈಯಾರೆ ಅಳಿಸುವುದಿಲ್ಲ, ಒಮ್ಮೆ ಬರೆದದ್ದನ್ನು ಮತ್ತೆ ಬರೆಯುವುದೂ ಇಲ್ಲ. ಹಾಗಾಗಿ ಅದನ್ನು ಒಂದು ದಿನಕ್ಕೆ ಇಳಿಸಿದೆ. ಮೊದಲ ನಾಲ್ಕು ದಿನಗಳ ಫೈಲುಗಳು ಒಂದೊಂದಾಗಿ ಹೋದವು. ಐದನೆಯದು ಅಲ್ಲಾಡಲಿಲ್ಲ. ಅದರ ಹಿಂದಿನವೂ ನಿಂತುಬಿಟ್ಟವು.

ಯಾವ ಫೈಲು ಯಾವುದನ್ನು ತಡೆದಿದೆ ಎಂದು ಹೇಳುವ ಪುಟ್ಟ ಸಾಧನವೊಂದು ಕಸಾಂಡ್ರದ ಜೊತೆಗೇ ಬರುತ್ತದೆ. ಅದು ಪ್ರತಿ ನೋಡಿನಲ್ಲೂ ಐದನೆಯ ದಿನದ ಫೈಲಿನತ್ತಲೇ ಬೆರಳು ತೋರಿಸಿತು. ಒಳಗೆ ನೋಡಿದರೆ ಲಕ್ಷಾಂತರ ಸತ್ತ ಸಾಲುಗಳ ನಡುವೆ ಬೆರಳೆಣಿಕೆಯಷ್ಟು ಜೀವಂತ ಸಾಲುಗಳು. ತಪ್ಪು ಅಳತೆಗಳನ್ನು ಸರಿಪಡಿಸಲು ಯಾರೋ ಒಂದು ಸ್ಕ್ರಿಪ್ಟ್ ಓಡಿಸಿದ್ದರು. ಅದು ಟಿಟಿಎಲ್ ಹಾಕಿರಲಿಲ್ಲ. ‘ಯಾರೋ’ ಎಂದರೆ ನಾನೇ. ಜೀವವಿರುವ ಫೈಲಿನಲ್ಲಿ ಹಳೆಯ ಕಾಲಮುದ್ರೆಯ ಸಾಲುಗಳಿದ್ದರೆ, ಅದಕ್ಕಿಂತ ಈಚಿನ ಫೈಲುಗಳನ್ನು ಅವಧಿ ಮುಗಿದರೂ ಇಡಿಯಾಗಿ ಬಿಡಲು ಕಸಾಂಡ್ರ ಒಪ್ಪುವುದಿಲ್ಲ, ಹಳೆಯ ಸಾಲು ಮತ್ತೆ ಎದ್ದು ಬಂದೀತು ಎಂಬ ಎಚ್ಚರಿಕೆಯಿಂದ.

ಆ ಸಾಲುಗಳನ್ನು ಅಳಿಸಿ ಪ್ರಯೋಜನವಿರಲಿಲ್ಲ, ಅಳಿಸಿದ ಗುರುತು ಇಂದಿನ ಕಿಟಕಿಯಲ್ಲಿ ಬೀಳುತ್ತದೆ, ಸಾಲು ಅಲ್ಲೇ ಉಳಿಯುತ್ತದೆ. ಆ ದಿನದ ದತ್ತಾಂಶ ಹೇಗೂ ಯಾರಿಗೂ ಬೇಡ ಎಂದು ಬರವಣಿಗೆಯಲ್ಲಿ ಒಪ್ಪಿಗೆ ಪಡೆದೆ. ಒಂದೊಂದೇ ನೋಡನ್ನು ನಿಲ್ಲಿಸಿ, ಆ ಫೈಲನ್ನೂ ಅದರ ಪರಿವಾರದ ಇಂಡೆಕ್ಸ್, ಫಿಲ್ಟರ್ ಫೈಲುಗಳನ್ನೂ ತೆಗೆದುಹಾಕಿ, ಮತ್ತೆ ಚಾಲೂ ಮಾಡಿದೆ. ಪ್ರತಿಗಳಿರುವ ಎಲ್ಲ ನೋಡ್‌ಗಳಲ್ಲೂ ತೆಗೆಯದಿದ್ದರೆ ರಿಪೇರಿ ನಡೆದಾಗ ಅವು ಹಿಂತಿರುಗುತ್ತವೆ, ಹಾಗಾಗಿ ಒಂಬತ್ತೂ ಮುಗಿಯುವವರೆಗೆ ಎದ್ದೇಳಲಿಲ್ಲ. ಅವಧಿ ಮುಗಿದ ಫೈಲುಗಳ ತಪಾಸಣೆ ಹತ್ತು ನಿಮಿಷಕ್ಕೊಮ್ಮೆ ನಡೆಯುತ್ತದೆ. ಕೊನೆಯ ನೋಡ್ ಮೇಲೆದ್ದು ಹತ್ತು ನಿಮಿಷ ಕಳೆದಾಗ, ಹಿಂದೆ ಸಾಲುಗಟ್ಟಿ ನಿಂತಿದ್ದ ಏಳು ದಿನಗಳ ಫೈಲುಗಳು ಅಲ್ಲಿಯೂ ಒಟ್ಟಿಗೆ ಮಾಯವಾದವು. ಟೇಬಲಿಗೇ ಮೂವತ್ತು ದಿನಗಳ ಡೀಫಾಲ್ಟ್ ಟಿಟಿಎಲ್ ಹಾಕಿ, ನನ್ನ ಸ್ಕ್ರಿಪ್ಟನ್ನು ಅಳಿಸಿ, ಮಲಗಲು ಹೋದೆ.