ದಕ್ಷಿಣ ಇಂಗ್ಲೆಂಡಿನಲ್ಲಿ ವೈನ್ ದ್ರಾಕ್ಷಿ: ಸಣ್ಣ ತೋಟ ಮಾಡುವವರಿಗೆ

ವಿಜಯಪುರದ ಕಡೆ ದ್ರಾಕ್ಷಿ ಬೆಳೆದವರಿಗೆ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಚಾಟಣಿ (ಬಳ್ಳಿ ಸವರುವುದು) ಎಂಬುದು ರೂಢಿಯ ಲೆಕ್ಕ. ಸಸೆಕ್ಸ್, ಕೆಂಟ್, ಹ್ಯಾಂಪ್‌ಶೈರ್‌ಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಬಳ್ಳಿಯು ನವೆಂಬರ್ ವೇಳೆಗೆ ಎಲೆ ಉದುರಿಸಿ ಮಾರ್ಚ್ ಕಳೆಯುವವರೆಗೂ ಮಲಗಿಬಿಡುತ್ತದೆ. ಚಾಟಣಿಯೂ ಒಂದೇ, ಬೆಳೆಯೂ ಒಂದೇ. ಚಿಗುರಿನಿಂದ ಕೊಯ್ಲಿನವರೆಗೆ ಸಿಗುವ ಆರು ತಿಂಗಳ ಮಂದ ಬಿಸಿಲಿನಲ್ಲೇ ಕಾಯಿ ಹಣ್ಣಾಗಬೇಕಾದ್ದರಿಂದ, ಮುಂದೆ ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಬಿಸಿಲನ್ನು ಕೂಡಿಸುವ ಮತ್ತು ಚಳಿಯನ್ನು ದೂರವಿಡುವ ಉಪಾಯಗಳೇ ಆಗಿವೆ.

ಮೊದಲು ಜಾಗವನ್ನು ನೋಡಬೇಕು, ಏಕೆಂದರೆ ಜಾಗದ ತಪ್ಪನ್ನು ಆಮೇಲೆ ಯಾವ ಗೊಬ್ಬರವೂ ತಿದ್ದಲಾರದು. ದಕ್ಷಿಣಕ್ಕೆ ಮುಖ ಮಾಡಿದ, ಸಮುದ್ರಮಟ್ಟದಿಂದ ಸುಮಾರು ನೂರು ಮೀಟರಿನೊಳಗಿನ, ನೈಋತ್ಯದ ಗಾಳಿಗೆ ಮರಗಳ ಮರೆಯಿರುವ ಇಳಿಜಾರು ಉತ್ತಮ. ಚಳಿಯ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಇಳಿಜಾರಿನ ಕೆಳಗೆ ದಟ್ಟವಾದ ಬೇಲಿಯಿದ್ದರೆ ಅದು ಅಣೆಕಟ್ಟಿನ ಹಾಗೆ ಚಳಿಯನ್ನು ತೋಟದಲ್ಲೇ ನಿಲ್ಲಿಸುವುದರಿಂದ, ಬೇಲಿಯಲ್ಲಿ ಅಲ್ಲಲ್ಲಿ ಸಂದು ಬಿಡಬೇಕು. ನೀರು ನಿಲ್ಲುವ ನೆಲವಾದರೆ ಮೊದಲು ಬಸಿಗಾಲುವೆ ತೆಗೆಸಬೇಕು.

ಸಸೆಕ್ಸ್‌ನ ನೈಟಿಂಬರ್ ಎಂಬ ತೋಟದಲ್ಲಿ 1988ರಲ್ಲಿ ಶಾಂಪೇನಿನ ತಳಿಗಳನ್ನು ನೆಟ್ಟು ಗೆದ್ದ ಮೇಲೆ ಇಲ್ಲಿ ಶಾರ್ಡೊನೆ, ಪಿನೋ ನ್ವಾರ್, ಪಿನೋ ಮೂನ್ಯೇಗಳ ಕಾಲ ಬಂದಿತು. ಆದರೆ ಇವು ತಡವಾಗಿ ಮಾಗುತ್ತವೆ. ಜಾಗ ತೀರ ಒಳ್ಳೆಯದಾಗಿದ್ದು, ನೊರೆವೈನ್ ಮಾಡುವ ಉದ್ದೇಶವಿದ್ದರೆ ಮಾತ್ರ ಇವುಗಳ ತಂಟೆಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಹೊಸಬರಿಗೆ ಜರ್ಮನಿಯಲ್ಲಿ ಅಭಿವೃದ್ಧಿಪಡಿಸಿದ ಬಾಕಸ್ ಅಥವಾ ರೋಗ ತಡೆದುಕೊಳ್ಳುವ, ಬೇಗ ಮಾಗುವ ಸೊಲಾರಿಸ್ ಸಾಕು. ಫಿಲಾಕ್ಸೆರಾ ಎಂಬ ಬೇರುಹೇನಿನ ಭಯವಿರುವುದರಿಂದ ಕಸಿ ಗಿಡವನ್ನೇ ಕೊಳ್ಳಬೇಕು. ಸೌತ್ ಡೌನ್ಸ್ ಗುಡ್ಡಗಳ ಸುಣ್ಣದ ನೆಲವಾದರೆ ಫರ್ಕಾಲ್ ಅಥವಾ 41ಬಿ ಎಂಬ ಬೇರುಕಾಂಡ (ಕಸಿಯ ಬುಡವಾಗುವ ಭಾಗ) ಬೇಕಾಗುತ್ತದೆ. ಸುಣ್ಣವನ್ನು ಸಹಿಸದ ಬೇರಾದರೆ ಬಳ್ಳಿಗೆ ಕಬ್ಬಿಣ ಸಿಗದೆ ಎಲೆಗಳು ಹಳದಿಗಟ್ಟುತ್ತವೆ.

ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ, ಸಾಲಿನಿಂದ ಸಾಲಿಗೆ ಸುಮಾರು ಎರಡು ಮೀಟರ್, ಗಿಡದಿಂದ ಗಿಡಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚು ಅಂತರದಲ್ಲಿ ನೆಡಬೇಕು. ಸಾಲುಗಳು ಉತ್ತರ ದಕ್ಷಿಣವಾಗಿದ್ದರೆ ಎರಡೂ ಮಗ್ಗುಲಿಗೆ ಬಿಸಿಲು ಬೀಳುತ್ತದೆ. ನಮ್ಮ ಚಪ್ಪರ ಇಲ್ಲಿ ಬೇಡ. ತಂತಿಗಳ ಮೇಲೆ ಎಲೆಯ ಗೋಡೆ ಎಬ್ಬಿಸುವುದೇ ಪದ್ಧತಿ. ಮೊದಲ ಬೆಳೆ ಮೂರನೆಯ ವರ್ಷಕ್ಕೆ.

ಚಾಟಣಿಯನ್ನು ಜನವರಿಯಿಂದ ಮಾರ್ಚ್‌ವರೆಗೆ ಮಾಡಬಹುದಾದರೂ, ತಡ ಮಾಡಿದಷ್ಟೂ ಚಿಗುರು ತುಸು ತಡವಾಗುವುದರಿಂದ ತಗ್ಗಿನ ಸಾಲುಗಳನ್ನು ಕಡೆಗೆ ಉಳಿಸಿಕೊಳ್ಳುವುದು ಜಾಣತನ. ಕಳೆದ ವರ್ಷದ ಪೆನ್ಸಿಲ್ ದಪ್ಪದ ಒಂದು ಕಡ್ಡಿಯನ್ನು ಎಂಟು ಹತ್ತು ಮೊಗ್ಗುಗಳೊಂದಿಗೆ ಉಳಿಸಿ ಕೆಳತಂತಿಗೆ ಬಾಗಿಸಿ ಕಟ್ಟಬೇಕು. ಮುಂದಿನ ವರ್ಷದ ಕಡ್ಡಿಗಾಗಿ ಎರಡು ಮೊಗ್ಗಿನ ತುಂಡೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕತ್ತರಿಸಬೇಕು. ಇದಕ್ಕೆ ಗಿಯೋ ಪದ್ಧತಿ ಎನ್ನುತ್ತಾರೆ. ಕೆಳತಂತಿ ನೆಲದಿಂದ ಎಂಬತ್ತು ತೊಂಬತ್ತು ಸೆಂಟಿಮೀಟರ್ ಮೇಲಿದ್ದರೆ ನೆಲಕ್ಕಂಟಿದ ಚಳಿಯಿಂದ ಅಷ್ಟರಮಟ್ಟಿಗೆ ಪಾರಾದಂತೆ.

ನಿಜವಾದ ಪರೀಕ್ಷೆ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗಿನ ರಾತ್ರಿಗಳದು. ಮಲಗಿದ ಬಳ್ಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ; ಅದೇ ಬಳ್ಳಿಯ ಎಳೆ ಚಿಗುರು ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೆ ಸಾಯುತ್ತದೆ. 2017ರ ಏಪ್ರಿಲ್ ಕೊನೆಯ ಫ್ರಾಸ್ಟ್ (ಮಂಜುಗಟ್ಟುವ ಚಳಿ) ಇಂಗ್ಲೆಂಡಿನ ಅನೇಕ ತೋಟಗಳ ಬೆಳೆಯನ್ನು ಹೀಗೆಯೇ ಕಸಿದುಕೊಂಡಿತು. ಆಕಾಶ ನಿರ್ಮಲವಾಗಿ, ಗಾಳಿ ನಿಂತ ಸಂಜೆ ಎಚ್ಚರವಾಗಿರಬೇಕು. ಸಾಲುಗಳ ನಡುವಿನ ಹುಲ್ಲನ್ನು ಮೊದಲೇ ಗಿಡ್ಡವಾಗಿ ಕತ್ತರಿಸಿ, ಕೆಳತಂತಿಯ ಎತ್ತರದಲ್ಲೊಂದು ಥರ್ಮಾಮೀಟರ್ ಕಟ್ಟಿ, ಅದು ಸೊನ್ನೆಗೆ ಇಳಿಯುವ ಮುನ್ನ ಸಾಲುಗಳಲ್ಲಿ ಮೇಣದ ಡಬ್ಬಿಗಳನ್ನು ಹಚ್ಚಬೇಕು. ಸೂರ್ಯ ಮೇಲೇರುವವರೆಗೆ ಆರಿಸಬಾರದು. ಬೆಳಿಗ್ಗೆ ಗಟ್ಟಿಯಾಗಿ ಕಾಣುವ ಚಿಗುರು ಮಧ್ಯಾಹ್ನಕ್ಕೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದರೆ ಹಾನಿಯಾಗಿದೆ ಎಂದರ್ಥ. ಅರಳದ ಮೊಗ್ಗಿನ ಗತಿಯನ್ನು ತಿಳಿಯಲು ಅದನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಬೇಕು: ಒಳಗೆ ಹಸಿರಿದ್ದರೆ ಜೀವವಿದೆ, ಕಂದು ಬಣ್ಣವಿದ್ದರೆ ಇಲ್ಲ. ಪಕ್ಕದ ಎರಡನೆಯ ಮೊಗ್ಗು ಮತ್ತೆ ಚಿಗುರಿದರೂ ಅದರಲ್ಲಿ ಗೊನೆ ಕಡಿಮೆ.

ಹೂವು ಜೂನ್ ಕೊನೆಗೆ, ವಿಂಬಲ್ಡನ್ ಟೆನಿಸ್ ಹೊತ್ತಿಗೆ ಬರುತ್ತದೆ. ಆಗ ಮಳೆ ಹಿಡಿದರೆ ಕಾಯಿ ಕಚ್ಚುವುದಿಲ್ಲ. ಕಾಯಿ ಕಚ್ಚಿದ ಮೇಲೆ ಗೊನೆಯ ಸುತ್ತಲಿನ ಎಲೆಗಳನ್ನು ಬೆಳಗಿನ ಬಿಸಿಲು ಬೀಳುವ ಮಗ್ಗುಲಲ್ಲಿ ತೆಗೆದರೆ ಇಬ್ಬನಿ ಬೇಗ ಆರಿ ಬೂಷ್ಟು ಕಡಿಮೆಯಾಗುತ್ತದೆ. ಬೂದಿರೋಗ, ದಾವಣಿರೋಗಗಳು ಇಲ್ಲಿಯೂ ಬಿಡುವುದಿಲ್ಲ. ಬೂದಿಗೆ ಗಂಧಕದ ಸಿಂಪಡಣೆಯೇ ಹಳೆಯ ಮದ್ದು.

ಹೂವಿನಿಂದ ಸುಮಾರು ನೂರು ದಿನಕ್ಕೆ, ಹೆಚ್ಚಾಗಿ ಅಕ್ಟೋಬರ್‌ನಲ್ಲಿ ಕೊಯ್ಲು. ರಿಫ್ರಾಕ್ಟೋಮೀಟರ್‌ನಲ್ಲಿ ಸಕ್ಕರೆ ನೋಡಿದರೆ ಸಾಲದು, ಹುಳಿಯನ್ನೂ ಅಳೆಯಬೇಕು. ಬೀಜ ಅಗಿದು ನೋಡಬೇಕು, ಹಸಿರಾಗಿದ್ದರೆ ಕಾಯಬೇಕು. ಇಲ್ಲಿಯ ಹಣ್ಣಿನಲ್ಲಿ ಹುಳಿ ಹೆಚ್ಚಾಗಿಯೇ ಉಳಿಯುತ್ತದೆ, ನೊರೆವೈನಿಗೆ ಅದೇ ಅನುಕೂಲ. ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ದ್ರಾಕ್ಷಿ ಬೇಕೆಂದು ಲೆಕ್ಕ ಹಿಡಿಯಬಹುದು. ತೋಟವು 0.1 ಹೆಕ್ಟೇರ್, ಅಂದರೆ ನಮ್ಮ ಹತ್ತು ಗುಂಟೆಯಷ್ಟನ್ನು ಮೀರಿದರೆ ಆಹಾರ ಗುಣಮಟ್ಟ ಸಂಸ್ಥೆಯಾದ ಎಫ್‌ಎಸ್‌ಎಯಲ್ಲಿ ನೋಂದಾಯಿಸಬೇಕು. ವೈನನ್ನು ಮಾರುವುದಾದರೆ ತೆರಿಗೆ ಇಲಾಖೆಯ ಅನುಮತಿ ಬೇರೆ.